ನಾಲ್ಕು ಓಮ್ ಸ್ಪೀಕರುಗಳಿಗೆ ಬೇರೆ ಆಂಪ್ಲಿಫೈಯರ್: ವಿಜಯಪುರದ ಎರಡು ಬೇಸಿಗೆ ಕಳೆದ ಮೇಲೆ

ನಮ್ಮ ಮನೆಯ ದೊಡ್ಡ ಸ್ಪೀಕರುಗಳು ನಾಲ್ಕು ಓಮಿನವು (ಓಮ್ ಎಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ). ಮೊದಲು ಅವು ಏಳು ಚಾನೆಲಿನ ಎ.ವಿ. ರಿಸೀವರಿನಿಂದಲೇ, ಅಂದರೆ ಮನೆಯ ಸಿನಿಮಾ-ಸಂಗೀತದ ಎಲ್ಲ ಸ್ಪೀಕರುಗಳನ್ನೂ ನಡೆಸುವ ಒಂದೇ ಯಂತ್ರದಿಂದ, ನಡೆಯುತ್ತಿದ್ದವು. ಚಳಿಗಾಲದಲ್ಲಿ ಯಾವ ತಕರಾರೂ ಇರಲಿಲ್ಲ. ಆದರೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ, ಹೊರಗೆ 40 ಡಿಗ್ರಿ ದಾಟಿದಾಗ, ಹಿಂದೂಸ್ತಾನಿ ಗಾಯನದ ನಿಧಾನಗತಿಯ ವಿಲಂಬಿತ ಮುಗಿದು ವೇಗದ ದ್ರುತ ಏರುವ ಹೊತ್ತಿಗೆ ಸರಿಯಾಗಿ ರಿಸೀವರ್ ತಾನಾಗಿಯೇ ಬಂದ್ ಆಗುತ್ತಿತ್ತು. ಒಂದು ಗಂಟೆಯ ರಾಗವನ್ನು ತಾಳ್ಮೆಯಿಂದ ಕೇಳಿ, ಅದರ ಫಲ ಕೈಗೆ ಬರುವ ಕ್ಷಣದಲ್ಲಿ ಕಳೆದುಕೊಳ್ಳುವುದು ಸಂಗೀತಪ್ರಿಯರಿಗೆ ಸಣ್ಣ ಸಂಕಟವಲ್ಲ. ಎಡ ಮತ್ತು ಬಲ ಚಾನೆಲುಗಳಿಗೆ ಪ್ರತ್ಯೇಕ ಪವರ್ ಆಂಪ್ಲಿಫೈಯರ್ ತಂದದ್ದು ಈ ಕಾರಣಕ್ಕೆ, ಶಬ್ದ ಜೋರಾಗಲಿ ಎಂದಲ್ಲ.

ರಿಸೀವರ್ ಬಿಸಿಯಾಗುವುದರ ಹಿಂದಿನ ಲೆಕ್ಕ ಸರಳವಾಗಿದೆ. ಒಂದು ಕ್ಷಣಕ್ಕೆ 20 ವೋಲ್ಟ್ ಬೇಕಾಯಿತೆನ್ನಿ: ಎಂಟು ಓಮಿನ ಸ್ಪೀಕರ್ ಆಗ 2.5 ಆಂಪಿಯರ್ ಎಳೆದು 50 ವಾಟ್ ಬಳಸುತ್ತದೆ, ನಾಲ್ಕು ಓಮಿನದು 5 ಆಂಪಿಯರ್ ಎಳೆದು 100 ವಾಟ್ ಬಳಸುತ್ತದೆ. ಪೆಟ್ಟಿಗೆಯ ಮೇಲೆ ಬರೆದ ನಾಲ್ಕು ಓಮ್ ಹೆಸರಿಗೆ ಮಾತ್ರ. ಎರಡು ಊಫರುಗಳು (ಮಂದ್ರಧ್ವನಿ ಹೊಮ್ಮಿಸುವ ಘಟಕಗಳು) ಸಮಾಂತರವಾಗಿರುವ ನಮ್ಮಂಥ ಸ್ಪೀಕರುಗಳಲ್ಲಿ ಮಂದ್ರದ ಕೆಲವು ಆವರ್ತನಗಳಲ್ಲಿ ಅದು ಮೂರು ಓಮಿನ ಆಸುಪಾಸಿಗೆ ಇಳಿಯುತ್ತದೆ, ಆಗ ಅದೇ 20 ವೋಲ್ಟಿಗೆ 6.7 ಆಂಪಿಯರ್ ಬೇಕು. ಇಷ್ಟು ಕರೆಂಟನ್ನು ಒದಗಿಸುವಾಗ ಒಳಗಿನ ಟ್ರಾನ್ಸಿಸ್ಟರುಗಳು ಬಿಸಿಯಾಗುತ್ತವೆ. ಏಳು ಚಾನೆಲುಗಳಿಗೂ ಸೇರಿ ಇರುವ ಒಂದೇ ಟ್ರಾನ್ಸ್‌ಫಾರ್ಮರು, ಚಿಕ್ಕ ಹೀಟ್‌ಸಿಂಕು, ಮೇಲ್ಮುಚ್ಚಳದ ಜಾಲರಿಯಲ್ಲಿ ಕೂತ ನಮ್ಮೂರಿನ ದೂಳು, ಎಲ್ಲವೂ ಸೇರಿ ರಕ್ಷಣಾ ಸರ್ಕಿಟ್ ತನ್ನ ಕೆಲಸ ಮಾಡುತ್ತದೆ. ರಿಸೀವರುಗಳ ಮೇಲೆ ಅಚ್ಚಾಗುವ ವಾಟುಗಳು ಸಾಮಾನ್ಯವಾಗಿ ಎಂಟು ಓಮಿನಲ್ಲಿ, ಎರಡೇ ಚಾನೆಲ್ ನಡೆಸಿ ಅಳೆದವು ಎಂಬುದನ್ನು ಕೊಳ್ಳುವವರು ನೆನಪಿಡಬೇಕು.

ರಿಸೀವರಿನ ಮೆನುವಿನಲ್ಲಿ ಸ್ಪೀಕರ್ ಇಂಪಿಡೆನ್ಸನ್ನು (ಓಮಿನಲ್ಲಿ ಅಳೆಯುವ ಆ ತಡೆಯನ್ನು) ನಾಲ್ಕು ಓಮಿಗೆ ಬದಲಿಸುವ ಸೌಲಭ್ಯವಿತ್ತು. ಬದಲಿಸಿದಾಗ ಅದು ತಂಪಾಗಿ ನಡೆಯಿತೇನೋ ನಿಜ. ಆದರೆ ಇಂಥ ಆಯ್ಕೆ ಸಾಮಾನ್ಯವಾಗಿ ಮಾಡುವುದು ಒಳಗಿನ ವೋಲ್ಟೇಜನ್ನು ತಗ್ಗಿಸುವುದನ್ನು. ಹೀಗಾಗಿ ಏರುಧ್ವನಿಯ ತಾನುಗಳ ತುದಿ ಒರಟಾಗಿ ಕೇಳತೊಡಗಿತು. ಅದಕ್ಕಿಂತ ಹೆಚ್ಚು ನೆರವಾದದ್ದು ಕಾಸು ಖರ್ಚಿಲ್ಲದ ಮತ್ತೊಂದು ಉಪಾಯ: ಸಬ್‌ವೂಫರ್ (ಮಂದ್ರಧ್ವನಿಗೆಂದೇ ಇರುವ ಪ್ರತ್ಯೇಕ ಸ್ಪೀಕರ್) ಇರುವವರು ಮುಂದಿನ ಸ್ಪೀಕರುಗಳನ್ನು ‘ಸ್ಮಾಲ್’ ಎಂದು ನಮೂದಿಸಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್‌ವೂಫರಿಗೆ ವಹಿಸಿದರೆ ರಿಸೀವರಿನ ಹೊರೆ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಸಿನಿಮಾ ನೋಡುವಾಗ ನಮಗೆ ಇದೇ ಸಾಕಾಯಿತು. ಗಾಯನಕ್ಕೆ ನಾನು ಸಬ್‌ವೂಫರ್ ಹಾಕುವುದಿಲ್ಲವಾದ್ದರಿಂದ ಮಧ್ಯಾಹ್ನದ ಸಮಸ್ಯೆ ಉಳಿದೇ ಇತ್ತು.

ಆಂಪ್ಲಿಫೈಯರನ್ನು ಪುಣೆಯಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಹೊಸದರ ಬೆಲೆ ನನ್ನ ಸಂಬಳಕ್ಕೆ ಎಟುಕುವಂಥದ್ದಲ್ಲ. ಎಬಿ ವರ್ಗದ, ದೊಡ್ಡ ಟೊರಾಯ್ಡಲ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರಿನ ಹಳೆಯ ಯಂತ್ರ, ಇಬ್ಬರು ಹಿಡಿದು ಎತ್ತಬೇಕಾದಷ್ಟು ಭಾರ. ರಿಸೀವರಿನ ಪ್ರಿ-ಔಟ್‌ಗಳಿಂದ (ಬೇರೆ ಆಂಪ್ಲಿಫೈಯರಿಗೆ ಸಂಕೇತ ಕೊಡುವ ಕಿಂಡಿಗಳಿಂದ) ಎರಡು ಆರ್‌ಸಿಎ ಕೇಬಲ್ ಎಳೆದು, ಧ್ವನಿಮಟ್ಟಗಳನ್ನು ಮೈಕಿನಿಂದ ಮತ್ತೆ ಹೊಂದಿಸಿದೆ. ಹೊಸ ಆಂಪ್ಲಿಫೈಯರಿನ ಗೇನ್, ಅಂದರೆ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಬೇರೆಯಾಗಿರುವುದರಿಂದ ಈ ಹೊಂದಾಣಿಕೆಯನ್ನು ಬಿಡುವಂತಿಲ್ಲ. ಬಿಟ್ಟರೆ ಮುಂದಿನ ಎರಡು ಸ್ಪೀಕರುಗಳು ನಡುವಿನದನ್ನು ಮುಳುಗಿಸುತ್ತವೆ.

ಈಗ ಬೆಳಗಿನ ಪೂಜೆ ಮುಗಿಸಿ ತಂದೆಯವರು ಒರೆಸುವ ಬಟ್ಟೆಯಿಂದ ಎರಡೂ ಯಂತ್ರಗಳ ಜಾಲರಿಯ ದೂಳು ತೆಗೆಯುತ್ತಾರೆ. ಆನ್ ಮಾಡುವಾಗ ಮೊದಲು ಸ್ಟೆಬಿಲೈಸರ್, ಆಮೇಲೆ ರಿಸೀವರ್, ಕೊನೆಗೆ ಆಂಪ್ಲಿಫೈಯರ್. ಬಂದ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ಈ ಕ್ರಮ ತಪ್ಪಿದರೆ ರಿಸೀವರ್ ಏಳುವಾಗಿನ ‘ಧಡ್’ ಎಂಬ ಸದ್ದು ನೇರವಾಗಿ ಊಫರಿಗೆ ಬಡಿಯುತ್ತದೆಂದು ತಿಳಿದಂದಿನಿಂದ ಅವರು ಆ ಗುಂಡಿಗಳನ್ನು ಬೇರೆ ಯಾರಿಗೂ ಮುಟ್ಟಗೊಡುವುದಿಲ್ಲ. ಊಟವಾದ ಮೇಲೆ, ಕಿಟಕಿ ಮುಚ್ಚಿ, ಫರಸಿಯ ಮೇಲೆ ಜಮಖಾನ ಹಾಸಿ ಭೀಮಸೇನ ಜೋಶಿಯವರನ್ನು ಹಚ್ಚಿದರೆ, ತಾರ ಷಡ್ಜಕ್ಕೆ ಏರಿದ ಸ್ವರ ಎಷ್ಟು ಹೊತ್ತು ನಿಂತರೂ ಗಂಟಲು ಕಟ್ಟಿದಂತೆ ಕೇಳುವುದಿಲ್ಲ. ಅದೇ ಹೊತ್ತಿಗೆ ಡಗ್ಗಾದ ಮೇಲೆ ಅಂಗೈ ಜಾರಿಸಿ ಎಳೆದ ಗುಂಯ್ ನಾದ ತನ್ನ ತೂಕದೊಂದಿಗೆ ಬೇರೆಯಾಗಿಯೇ ನಿಲ್ಲುತ್ತದೆ. ಸಣ್ಣ ಧ್ವನಿಯಲ್ಲಿ ಕೇಳಿದರೆ ರಿಸೀವರಿಗೂ ಇದಕ್ಕೂ ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ಆದರೆ ದ್ರುತದ ಕೊನೆಯ ತಿಹಾಯಿಯವರೆಗೂ ಸಂಗೀತ ನಿಲ್ಲದೆ ಬರುತ್ತದೆ, ರಿಸೀವರಿನ ಮೇಲೆ ಕೈ ಇಟ್ಟರೆ ಬೆಚ್ಚಗಷ್ಟೇ ಇರುತ್ತದೆ. ಖರ್ಚಿಗೆ ನನಗೆ ಸಿಕ್ಕ ನಿಜವಾದ ಪ್ರತಿಫಲ ಇದು.

ತೊಂದರೆಗಳೂ ಇವೆ, ಅವು ಮಾರುವವರ ಬಾಯಲ್ಲಿ ಬರುವುದಿಲ್ಲ. ಗುಂಡಿ ಒತ್ತಿದ ಕ್ಷಣ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರು ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ ಹಜಾರದ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ರಕ್ಷಣಾ ಸ್ವಿಚ್) ಆಗಾಗ ಬೀಳುತ್ತಿತ್ತು. ಪೆಟ್ಟಿಗೆ ತೆರೆದು ನೋಡಿದ ಎಲೆಕ್ಟ್ರಿಷಿಯನ್, ವೈರಿನ ದಪ್ಪ ಪರೀಕ್ಷಿಸಿ, ಬಿ ಬಗೆಯದನ್ನು ತೆಗೆದು ಇಂಥ ಕ್ಷಣಿಕ ಏರಿಕೆಯನ್ನು ಹೆಚ್ಚು ತಾಳುವ, ಅದೇ ಆಂಪಿಯರಿನ ಸಿ ಬಗೆಯದನ್ನು ಕೂಡಿಸಿದ ಮೇಲೆ ಅದು ನಿಂತಿತು. ಸ್ಪೀಕರುಗಳಲ್ಲಿ ಕೇಳುತ್ತಿದ್ದ ಗುಂಯ್‌ಗುಡುವಿಕೆಗೆ ಕಾರಣ ಕೇಬಲ್ ಟಿವಿಯ ತಂತಿಯಿಂದ ಬಂದ ಗ್ರೌಂಡ್ ಲೂಪ್, ಅಂದರೆ ಅರ್ಥ್‌ಗೆ ಎರಡು ದಾರಿಗಳಾಗಿ ಉಂಟಾದ ಸುತ್ತು. ಆ ತಂತಿ ಕಿತ್ತ ಕೂಡಲೇ ಸದ್ದು ಮಾಯವಾದದ್ದರಿಂದ ಗೊತ್ತಾಯಿತು, ನಡುವೆ ಒಂದು ಐಸೊಲೇಟರ್ ಹಾಕಿದೆ. ಪ್ಲಗ್ಗಿನ ಅರ್ಥ್ ಪಿನ್ ಕಿತ್ತರೂ ಸದ್ದು ಹೋಗುತ್ತದೆಂದು ಹೇಳುವವರಿದ್ದಾರೆ. ಜೀವಕ್ಕೇ ಕುತ್ತು ತರುವ ಆ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಪರಿಹಾರವಾಗದೆ ಉಳಿದದ್ದು ಇನ್‌ವರ್ಟರ್. ನಮ್ಮದು ಸ್ಕ್ವೇರ್ ವೇವ್ ಬಗೆಯದಾದ್ದರಿಂದ ಕರೆಂಟ್ ಹೋದಾಗ ಟ್ರಾನ್ಸ್‌ಫಾರ್ಮರೇ ಗುರುಗುಟ್ಟುತ್ತದೆ. ಲೈನ್ ಬರುವವರೆಗೆ ಹಾಡು ನಿಲ್ಲಿಸಿ ಕಾಯುವುದೇ ದಾರಿಯಾಗಿದೆ.

ಎಂಟು ಓಮಿನ ಸ್ಪೀಕರುಗಳನ್ನು ಚಿಕ್ಕ ಕೋಣೆಯಲ್ಲಿ ಹಿತಮಿತವಾಗಿ ಕೇಳುವವರಿಗೆ ಈ ಖರ್ಚು ಬೇಡ. ನಾಲ್ಕು ಓಮಿನವು ಇದ್ದು, ಬಿಸಿಲೂರಿನಲ್ಲಿ ತುಸು ಜೋರಾಗಿ, ದೀರ್ಘಕಾಲ ಕೇಳುವವರು ಮೊದಲು ತಮ್ಮ ರಿಸೀವರಿನ ಹಿಂಬದಿಯಲ್ಲಿ ಪ್ರಿ-ಔಟ್ ಇದೆಯೇ ನೋಡಲಿ. ಕಡಿಮೆ ಬೆಲೆಯ ಅನೇಕ ಮಾದರಿಗಳಲ್ಲಿ ಅದು ಇರುವುದೇ ಇಲ್ಲ. ಇದ್ದರೆ, ಎರಡೇ ಚಾನೆಲಿನ, ನಾಲ್ಕು ಓಮಿನಲ್ಲಿ ಎಷ್ಟು ವಾಟ್ ಎಂದು ಬಿಡಿಸಿ ನಮೂದಿಸಿರುವ ಆಂಪ್ಲಿಫೈಯರ್ ಸಾಕು. ಉಳಿದ ಚಾನೆಲುಗಳನ್ನು ರಿಸೀವರ್ ನಿಭಾಯಿಸುತ್ತದೆ.