ಕೋಲ್ವಿಟ್ಸ್ ಅಥವಾ ಗ್ರೋಸ್: ಬರ್ಲಿನ್ನಿನ ಚಿತ್ರಕಲೆಯ ಲೋಕಕ್ಕೆ ಮೊದಲ ಹೆಜ್ಜೆ ಯಾರ ಜೊತೆ?

ಎರಡು ಮಹಾಯುದ್ಧಗಳ ನಡುವಿನ ಬರ್ಲಿನ್ನನ್ನು ಚಿತ್ರಗಳಲ್ಲಿ ಅರಿಯಬೇಕೆಂದಿದ್ದರೆ ಜರ್ಮನ್ ಕಲಾವಿದೆ ಕೇಟೆ ಕೋಲ್ವಿಟ್ಸ್ ಅವರಿಂದಲೇ ಆರಂಭಿಸಿ. 1914ರಲ್ಲಿ ಅವರ ಮಗ ಪೀಟರ್ ರಣರಂಗದಲ್ಲಿ ಮಡಿದ. ಆ ಸಂಕಟ ವರ್ಷಗಟ್ಟಲೆ ಒಳಗೇ ಬೆಂದು, 1920ರ ದಶಕದ ಆರಂಭದಲ್ಲಿ ‘ಯುದ್ಧ’ ಎಂಬ ಏಳು ಮರದಚ್ಚಿನ ಚಿತ್ರಗಳಾಯಿತು. ಕಪ್ಪು-ಬಿಳುಪು ಮಾತ್ರ, ಬಣ್ಣದ ಹಂಗಿಲ್ಲ. ಮಕ್ಕಳನ್ನು ನಡುವೆ ಬಚ್ಚಿಟ್ಟುಕೊಂಡು ಒಬ್ಬರನ್ನೊಬ್ಬರು ಅಪ್ಪಿ ನಿಂತ ಆ ತಾಯಂದಿರನ್ನು ಕಂಡಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಅದೇ ಕಾಲದ ಬರ್ಲಿನ್ ಕಲಾವಿದ ಜಾರ್ಜ್ ಗ್ರೋಸ್ ಅವರದು ಸುಡುವ ಕೋಪ. 1926ರ ‘ಸಮಾಜದ ಆಧಾರಸ್ತಂಭಗಳು’ ವರ್ಣಚಿತ್ರದಲ್ಲಿ ಪತ್ರಕರ್ತನಿಗೆ ಮೂತ್ರದ ಪಾತ್ರೆಯೇ ಟೋಪಿ. ಅಧಿಕಾರಸ್ಥರ ಮುಖವಾಡ ಕಳಚುವುದನ್ನು ನೋಡಬೇಕೆಂದರೆ ಇವರೇ ಸರಿ. ಸಾವಿನ ಮನೆಯ ಮೌನ ಮಾತ್ರ ಇವರಲ್ಲಿ ಸಿಗುವುದಿಲ್ಲ. ನಾಜಿಗಳು ಅಧಿಕಾರ ಹಿಡಿದ 1933ರಲ್ಲಿ ಗ್ರೋಸ್ ಅಮೆರಿಕಕ್ಕೆ ಹೊರಟುಹೋದರು. ಪ್ರಷ್ಯನ್ ಕಲಾ ಅಕಾಡೆಮಿಯಿಂದ ಬಲವಂತವಾಗಿ ಹೊರಬಿದ್ದ ಕೋಲ್ವಿಟ್ಸ್ ಜರ್ಮನಿಯಲ್ಲೇ ಉಳಿದರು.