ಸ್ಪೀಡ್ ಡಯಲ್: ನಿಮ್ಮ ಫೋನ್‌ನಲ್ಲೋ, ಸಿಸ್ಟಮ್‌ನಲ್ಲೋ?

ಆಫೀಸಿನಲ್ಲಿ ನಿಮ್ಮ ಮೇಜಿನ ಫೋನ್‌ನ ಬಟನ್‌ಗೇ ನಂಬರ್ ಪ್ರೋಗ್ರಾಂ ಮಾಡಿಕೊಂಡರೆ ಯಾರನ್ನೂ ಕೇಳಬೇಕಿಲ್ಲ, ಕ್ಷಣದ ಕೆಲಸ. ಆದರೆ ಅದು ನಿಮ್ಮ ಮೇಜಿಗಷ್ಟೇ. ಹೊರಗಿನ ನಂಬರಾದರೆ ಹೊರಲೈನ್ ಹಿಡಿಯುವ ಅಂಕಿಯನ್ನೂ (ಸಾಮಾನ್ಯವಾಗಿ 0 ಅಥವಾ 9) ಮೊದಲಿಗೆ ಸೇರಿಸಿ; ಹಲವರು ಮರೆಯುವುದು ಇದನ್ನೇ.

ಸಿಸ್ಟಮ್ ಸ್ಪೀಡ್ ಡಯಲ್ ಇರುವುದು ಇಪಿಎಬಿಎಕ್ಸ್‌ನಲ್ಲಿ, ಅಂದರೆ ಆಫೀಸಿನ ಫೋನ್‌ಗಳನ್ನೆಲ್ಲ ಜೋಡಿಸುವ ಎಕ್ಸ್‌ಚೇಂಜ್‌ನಲ್ಲಿ. ಅಡ್ಮಿನ್ ಒಂದು ಕಡೆ ತಿದ್ದಿದರೆ ಎಲ್ಲ ಎಕ್ಸ್‌ಟೆನ್ಶನ್‌ಗಳಿಗೂ (ಒಳಗಿನ ಫೋನ್‌ಗಳಿಗೂ) ಹೊಸ ನಂಬರೇ ಸಿಗುತ್ತದೆ. ಆಂಬುಲೆನ್ಸ್, ಸೆಕ್ಯುರಿಟಿಯಂಥ ನಂಬರ್‌ಗಳಿಗೆ ನನ್ನ ಆಯ್ಕೆ ಖಂಡಿತ ಇದೇ. ಯಾವುದೋ ಒಂದು ಫೋನ್‌ನಲ್ಲಿ ಹಳೆಯ ನಂಬರ್ ಉಳಿದುಬಿಟ್ಟರೆ, ತುರ್ತಿನ ಹೊತ್ತಿಗೆ ಅದೇ ಕೈಗೆ ಸಿಗಬಹುದು. ದಿನವೂ ಮಾತಾಡುವ ನಿಮ್ಮದೇ ನಾಲ್ಕೈದು ಜನಕ್ಕೆ ಮೊದಲನೆಯದು ಸಾಕು.

ರಿಸೆಪ್ಶನ್‌ನಲ್ಲಿ ಕೂರುವವರಿಗೆ ಎರಡೂ ಸಾಲದು, ಬಿಎಲ್‌ಎಫ್ (ಬಿಝಿ ಲ್ಯಾಂಪ್ ಫೀಲ್ಡ್) ಎಂಬ ದೀಪವಿರುವ ಬಟನ್ ಕೇಳಿ. ಒತ್ತಿದರೆ ಡಯಲ್ ಆಗುತ್ತದೆ, ಆ ಎಕ್ಸ್‌ಟೆನ್ಶನ್ ಬಿಝಿಯಾಗಿದೆಯೇ ಎಂದು ದೀಪವೂ ಹೇಳುತ್ತದೆ.