ಒಂದೇ ಶೆಡ್ಡಿನ ಎರಡು ಸ್ಪೋರ್ಟ್ಸ್ ಕಾರುಗಳು: ಸಾಕುವ ಖರ್ಚು, ಮಾರುವ ಬೆಲೆ

ಕಾರಿನ ಖರ್ಚನ್ನು ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂದು ಲೆಕ್ಕ ಹಾಕುವ ಪದ್ಧತಿ ಬೆಂಗಳೂರಿನವರಿಗೆ ಸರಿಹೋಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪೋರ್ಟ್ಸ್ ಕಾರು ಶೆಡ್ಡಿನಿಂದ ಹೊರಗೆ ಬರುವುದೇ ಅಪರೂಪವಾದ ಕೊಡಗಿನಲ್ಲಿ ಓಡಿಸಿದ್ದಕ್ಕಿಂತ ನಿಲ್ಲಿಸಿದ್ದಕ್ಕೇ ಹೆಚ್ಚು ಹಣ ಹೋಗುತ್ತದೆ. ಗೋಣಿಕೊಪ್ಪದ ಹತ್ತಿರದ ನಮ್ಮ ತೋಟದ ಮನೆಯಲ್ಲಿ ನನ್ನ ಫೋರ್ಡ್ ಮಸ್ಟ್ಯಾಂಗ್ ಜಿಟಿ ಮತ್ತು ಅಣ್ಣನ ಪೋರ್ಷೆ 718 ಕೇಮನ್ ಕೆಲವು ವರ್ಷ ಅಕ್ಕಪಕ್ಕದಲ್ಲೇ ಇದ್ದವು. ಇಬ್ಬರೂ ಎರಡನ್ನೂ ಓಡಿಸಿದ್ದೇವೆ, ಎರಡನ್ನೂ ಒಂದೇ ಬೇಸಿಗೆಯಲ್ಲಿ ಮಾರಿದ್ದೇವೆ.

ಮಸ್ಟ್ಯಾಂಗ್ 2016ರಲ್ಲಿ ಭಾರತಕ್ಕೆ ಬಂದಾಗ ಅದರ ಎಕ್ಸ್-ಶೋರೂಮ್ ಬೆಲೆ 65 ಲಕ್ಷ ರೂಪಾಯಿ. ಮರುವರ್ಷ ಬಂದ 718 ಕೇಮನ್ 80 ಲಕ್ಷ ದಾಟಿತ್ತು. ಕರ್ನಾಟಕದಲ್ಲಿ 20 ಲಕ್ಷಕ್ಕೂ ಮೇಲಿನ ಕಾರಿಗೆ ಆಜೀವ ತೆರಿಗೆ ಶೇ. 18, ಅದರ ಮೇಲೆ ಸೆಸ್ ಬೇರೆ. ಅಂದರೆ ಮಸ್ಟ್ಯಾಂಗಿನ ಮೊದಲ ಮಾಲೀಕ ತೆರಿಗೆಗೆಂದೇ 11 ಲಕ್ಷ 70 ಸಾವಿರ ತೆತ್ತಿರುತ್ತಾನೆ. ಮುಂದೆ ಕೊಳ್ಳುವವನು ಈ ಹಣಕ್ಕೆ ಬೆಲೆ ಕಟ್ಟುವುದಿಲ್ಲ. ನಾನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರಿಂದ ಆ ಹೊರೆ ನನ್ನ ಮೇಲೆ ಬೀಳಲಿಲ್ಲ. ಹೊಸದನ್ನೇ ಬುಕ್ ಮಾಡಿದ್ದ ಅಣ್ಣ ಅದನ್ನು ಪೂರ್ತಿಯಾಗಿ ಹೊತ್ತ.

ದಿನನಿತ್ಯದ ಖರ್ಚಿನಲ್ಲಿ ಮಸ್ಟ್ಯಾಂಗ್ ಅಷ್ಟೇನೂ ದುಬಾರಿಯಲ್ಲ. ಅದರ 4951 ಸಿಸಿಯ ವಿ8 ಎಂಜಿನ್‌ಗೆ ಟರ್ಬೊ ಇಲ್ಲ, ಬಂಕಿನ ಸಾದಾ ಪೆಟ್ರೋಲಿಗೇ ಅದು ತೃಪ್ತಿಪಡುತ್ತದೆ, ಮತ್ತು ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣೆದುರಿಗಿರುವುದರಿಂದ ಒಳ್ಳೆಯ ಮೆಕ್ಯಾನಿಕ್ಕು ಊರಿನಲ್ಲೇ ಆಯಿಲ್ ಬದಲಿಸಬಲ್ಲ, ಏಳೂವರೆ ಲೀಟರಿನಷ್ಟು ಆಯಿಲ್ ಬೇಕೆಂಬುದಷ್ಟೇ ಅವನಿಗೆ ಸೋಜಿಗ. ಕೇಮನ್‌ನ 1988 ಸಿಸಿ ಟರ್ಬೊ ಎಂಜಿನ್ ಸೀಟಿನ ಹಿಂದೆ ಹುದುಗಿದೆ. ಆಯಿಲ್ ಮತ್ತು ಕೂಲಂಟ್ ಹುಯ್ಯುವ ಮುಚ್ಚಳಗಳಷ್ಟೇ ಹಿಂದಿನ ಡಿಕ್ಕಿಯಲ್ಲಿ ಕಾಣುತ್ತವೆ. ಪೆಟ್ರೋಲು 95 ಆಕ್ಟೇನಿಗೆ ಕಡಿಮೆ ಇರಬಾರದು, ಎರಡು ವರ್ಷಕ್ಕೊಮ್ಮೆ ಬ್ರೇಕ್ ಫ್ಲೂಯಿಡ್ ಬದಲಾಗಬೇಕು, ನಾವು ಪ್ರತಿ ಕೆಲಸಕ್ಕೂ ಬೆಂಗಳೂರಿಗೇ ಹೋಗಬೇಕಿತ್ತು. ಎರಡರಲ್ಲೂ ಹಿಂದಿನ ಟಯರು ಮುಂದಿನದಕ್ಕಿಂತ ಅಗಲವಾದ್ದರಿಂದ ಹಿಂದುಮುಂದು ಬದಲಿಸಿ ಸವೆತ ಹಂಚುವ ದಾರಿಯೂ ಇಲ್ಲ.

ಮಳೆಗಾಲದಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ತೇವಕ್ಕೆ ಇಬ್ಬರ ಸೀಟಿನ ಚರ್ಮಕ್ಕೂ ಬೂಷ್ಟು ಹಿಡಿಯುತ್ತಿತ್ತು, ಬ್ರೇಕ್ ಡಿಸ್ಕಿನ ಮೇಲೆ ಕೆಂಪು ತುಕ್ಕು ಕೂರುತ್ತಿತ್ತು. ಆದರೆ ಮಸ್ಟ್ಯಾಂಗಿನ ಉದ್ದ ಬಾನೆಟ್ಟಿನ ಕೆಳಗಿನ ಜಾಗ ಇಲಿಗಳಿಗೆ ಹೇಳಿ ಮಾಡಿಸಿದಂತಿತ್ತು. ವೈರಿಂಗ್ ಒಮ್ಮೆ ಕಡಿದು ಹಾಕಿದಾಗ ಆದ ಖರ್ಚು ಆ ವರ್ಷದ ಸರ್ವಿಸ್ ಬಿಲ್ಲನ್ನೂ ಮೀರಿತು. ಕೇಮನ್‌ನ ತೊಂದರೆ ಬೇರೆ ಬಗೆಯದು. ಅದರ ಬ್ಯಾಟರಿ ಮುಂದಿನ ಡಿಕ್ಕಿಯೊಳಗಿದೆ, ಡಿಕ್ಕಿ ತೆರೆಯುವುದೋ ಕರೆಂಟಿನಿಂದ. ಬ್ಯಾಟರಿ ಸತ್ತರೆ ಡಿಕ್ಕಿಯೂ ತೆರೆಯದು. ಆಗ ಕಾಲಿಡುವ ಜಾಗದ ಫ್ಯೂಸ್ ಪೆಟ್ಟಿಗೆಯಿಂದ ಕೆಂಪು ಟರ್ಮಿನಲ್ಲನ್ನು ಹೊರಕ್ಕೆ ಎಳೆದು, ಬೇರೆ ಬ್ಯಾಟರಿಯಿಂದ ಅದಕ್ಕೆ ಕರೆಂಟು ಕೊಟ್ಟು ಡಿಕ್ಕಿ ತೆರೆಸಬೇಕು. ಗಾಳಿಮಳೆಗೆ ಇಲ್ಲಿ ಕರೆಂಟು ದಿನಗಟ್ಟಲೆ ಹೋಗುವುದರಿಂದ, ನಿಂತ ಕಾರಿನ ಬ್ಯಾಟರಿಗೆ ಸ್ವಲ್ಪಸ್ವಲ್ಪವೇ ಕರೆಂಟು ತುಂಬುವ ಟ್ರಿಕಲ್ ಚಾರ್ಜರನ್ನೇ ನಂಬುವಂತಿಲ್ಲ. ಗಾಜಿನ ಬುಡದ ನೀರು ಹರಿಯುವ ತೂತುಗಳಲ್ಲಿ ಸಿಲ್ವರ್ ಓಕ್ ಎಲೆ ಕೊಳೆತು ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಎರಡಕ್ಕೂ ಬೇಕಾದ ಕೆಲಸ.

ಇನ್ನು ಮಾರಾಟ. ವಿಮೆಯ ಕೋಷ್ಟಕದಂತೆ ಐದನೇ ವರ್ಷಕ್ಕೆ ಕಾರಿನ ಐಡಿವಿ, ಅಂದರೆ ವಿಮೆಗೆಂದು ಕಟ್ಟುವ ಬೆಲೆ, ಶೇ. 50ರಷ್ಟು ಇಳಿದಿರುತ್ತದೆ, ಆದರೆ ಇಂಥ ಕಾರುಗಳ ಮಾರುಕಟ್ಟೆ ಆ ಕೋಷ್ಟಕವನ್ನು ನೋಡಿ ನಡೆಯುವುದಿಲ್ಲ. ಕೇಮನ್ ನೋಡಲು ಬಂದ ಕಣ್ಣೂರಿನವರು ಪೇಂಟ್ ದಪ್ಪ ಅಳೆಯುವ ಮೀಟರನ್ನು ಬಾಗಿಲಿನಿಂದ ಫೆಂಡರಿನವರೆಗೆ ಒತ್ತಿ ನೋಡಿದರು, ಸರ್ವಿಸ್ ದಾಖಲೆಯ ಪ್ರತಿ ಪುಟ ತಿರುವಿದರು, ಆಮೇಲೆ ಚೌಕಾಸಿಯನ್ನು ಹೆಚ್ಚು ಎಳೆಯಲಿಲ್ಲ. ಅವರು ಕಡಿತ ಕೇಳಿದ್ದು ಕೇರಳದ ತೆರಿಗೆಗೆ ಮಾತ್ರ, ಏಕೆಂದರೆ ಮಡಿಕೇರಿ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಪಡೆದು ಗಡಿ ದಾಟಿಸಿದ ಕಾರಿಗೆ ಅಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಮಸ್ಟ್ಯಾಂಗಿಗೆ ವಿಚಾರಿಸುವವರು ಬಹಳ, ಕೊಳ್ಳುವವರು ವಿರಳ. 2021ರಲ್ಲಿ ಫೋರ್ಡ್ ಭಾರತದಲ್ಲಿ ಉತ್ಪಾದನೆ ನಿಲ್ಲಿಸುವುದಾಗಿ ಘೋಷಿಸಿದ ಮೇಲೆ ಎಲ್ಲರ ಮೊದಲ ಪ್ರಶ್ನೆ ಬಿಡಿಭಾಗದ್ದೇ. ಆ ಕಾರು ಇಲ್ಲಿಗೆ ಬಂದದ್ದೇ ಅಮೆರಿಕದಿಂದ ಎಂದು ವಿವರಿಸಿದರೂ ಅವರ ಅಳುಕು ಹೋಗಲಿಲ್ಲ. ಕೊನೆಗೆ ಅದನ್ನು ಕೊಂಡವನು ವಿ8 ಸದ್ದಿಗೆ ಮನಸೋತು ಬಂದವನು. ಸೈಲೆನ್ಸರ್ ಕಂಪನಿಯದ್ದೇ ಇದೆಯೆಂದು ಖಚಿತವಾದ ಮೇಲೆ ಕೇಳಿದ ಬೆಲೆಯ ಸಮೀಪಕ್ಕೇ ಬಂದ.

ರೂಪಾಯಿ ಲೆಕ್ಕದಲ್ಲಿ ಅಣ್ಣ ಕಳೆದುಕೊಂಡದ್ದು ಹೆಚ್ಚು. ಆದರೆ ಅವನ ಕಾರು ವಾರದೊಳಗೆ ಹೋಯಿತು, ನನ್ನದು ಗಿರಾಕಿಗಾಗಿ ಬೇಸಿಗೆಯಿಡೀ ಕಾಯಿತು. ಸ್ನೇಹಿತರ ಬಿಎಂಡಬ್ಲ್ಯು ಝಡ್4 ಎಂ40ಐ ಕೂಡ ಓಡಿಸಿದ್ದೇನೆ. ಅದರ ಆರು ಸಿಲಿಂಡರಿನ ಎಂಜಿನ್ ಕಂಪನಿಯ ಬೇರೆ ಕಾರುಗಳಲ್ಲೂ ಇರುವುದರಿಂದ ಬಿಡಿಭಾಗದ ಚಿಂತೆ ಕಡಿಮೆ, ಆದರೆ ಬಟ್ಟೆಯ ಮಾಡನ್ನು ಈ ಜಿಲ್ಲೆಯ ಮಳೆಗೆ ಒಡ್ಡುವ ಧೈರ್ಯ ನನಗಿಲ್ಲ. ಹೊಸದಾಗಿ ಕೊಳ್ಳುವುದಾದರೆ ಕೇಮನ್ ಬೇಡ. ಮೂರು ವರ್ಷ ಹಳೆಯ, ಸರ್ವಿಸ್ ದಾಖಲೆ ಪೂರ್ತಿಯಿರುವ ಕೇಮನ್ ಸಿಕ್ಕರೆ ಮಸ್ಟ್ಯಾಂಗಿನ ಕಡೆ ನೋಡಬೇಕಿಲ್ಲ.